ಕೊನೆಯ ಸಾಲಿನ ಅಕ್ಕ

ಬೆಳಗಿನ ಮಂಜು ಇಳಿದ ದಿನಗಳಲ್ಲಿ ಆ ಹೊಳೆಗೆ ಆಚೆ ದಡವೇ ಇರುತ್ತಿರಲಿಲ್ಲ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಲಾಂಚಿಗೆ ಕಾದು ನಿಂತವರಿಗೆ ಅಂಥ ಹೊತ್ತಿನಲ್ಲಿ ಗಟ್ಟಿಯಾಗಿ ನಂಬಬಹುದಾಗಿದ್ದದ್ದು ಒಂದು ದನಿಯನ್ನು ಮಾತ್ರ. ಕಟ್ಟೆಯ ಕಂಬಗಳಿಗೆ ಕಟ್ಟಿದ್ದ ಧ್ವನಿವರ್ಧಕಗಳಿಂದ ಅದು ಮಂಜಿನ ಜೊತೆಗೇ ಇಳಿದು ಬರುತ್ತಿತ್ತು. ಲಾಂಚು ಆಚೆ ದಡ ಬಿಟ್ಟಿದೆ, ಅವಸರ ಬೇಡ, ಮೊದಲು ಇಳಿಯುವವರಿಗೆ ದಾರಿ ಬಿಡಿ. ಹೇಳುತ್ತಿದ್ದದ್ದು ಇಷ್ಟೇ. ಆದರೆ ಅದನ್ನು ಕೇಳಿದರೆ ತಲೆ ಸವರಿದ ಹಾಗಾಗುತ್ತಿತ್ತು. ರಚ್ಚೆ ಹಿಡಿದ ಮಕ್ಕಳು ಸುಮ್ಮನಾಗುತ್ತಿದ್ದವು. ಮುಂದೆ ನುಗ್ಗುತ್ತಿದ್ದವರು ತಾವು ಯಾಕೆ ನುಗ್ಗುತ್ತಿದ್ದೇವೆ ಎಂಬುದನ್ನೇ ಮರೆತು ನಿಲ್ಲುತ್ತಿದ್ದರು.

ಆ ದನಿಯ ಒಡತಿ ಟಿಕೆಟ್ ಕಿಟಕಿಯ ಮೇಲಿನ, ಅಟ್ಟದಂಥ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದಳು. ಒಂದು ಮೈಕು, ಒಂದು ಮರದ ಕುರ್ಚಿ, ನೀರಿನ ಹೂಜಿ, ಉಸಿರು ತಾಕಿ ತಾಕಿ ಮಸುಕಾಗಿದ್ದ ಒಂದು ಗಾಜಿನ ಕಿಟಕಿ. ಮನೆಯಲ್ಲಿ ಅವಳು ಪುಟ್ಟಿ. ಮೂವತ್ತು ದಾಟಿದ ಮೇಲೂ ಪುಟ್ಟಿಯೇ. ದಿನವೂ ಅದೇ ಲಾಂಚಿನಲ್ಲಿ ಓಡಾಡುವವರು ಅವಳ ಪಕ್ಕದಲ್ಲೇ ನಿಂತು, ಈ ದನಿಯ ಹೆಂಗಸು ನೋಡಲು ಹೇಗಿರಬಹುದು ಎಂದು ಮಾತಾಡಿಕೊಂಡದ್ದುಂಟು. ಎತ್ತರದ ಆಳು, ಉದ್ದ ಜಡೆ, ದೊಡ್ಡ ಕಣ್ಣು ಎಂದೆಲ್ಲ ಅವರು ಲೆಕ್ಕ ಹಾಕುತ್ತಿದ್ದರೆ, ಗಿಡ್ಡಗಿನ ಪುಟ್ಟಿ ಕೊಡೆಯನ್ನು ಎದೆಗೊತ್ತಿಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಅದರಲ್ಲಿ ಒಂದು ಸುಖವಿತ್ತು. ತನ್ನ ದನಿ ತನ್ನನ್ನು ಬಿಟ್ಟು ಬೇರೆ ಯಾರೋ ಚೆಲುವೆಯ ಮೈಯಲ್ಲಿ ಊರೆಲ್ಲ ತಿರುಗುತ್ತಿದೆ ಎಂಬ ಸುಖ.

ಅವಳ ಅಕ್ಕನಿಗೆ ಆ ದನಿ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅಕ್ಕನ ಎರಡೂ ಕಿವಿಗಳನ್ನು ಹೊತ್ತುಕೊಂಡು ಹೋಗಿತ್ತು. ಮಾತು ಕಲಿತ ಮೇಲೆ ಕಿವಿ ಹೋದದ್ದರಿಂದ ಅಕ್ಕ ಮಾತಾಡುತ್ತಿದ್ದಳು, ಹತ್ತಿರ ನಿಂತವರ ತುಟಿ ನೋಡಿ ಅವರ ಮಾತನ್ನೂ ತಿಳಿಯುತ್ತಿದ್ದಳು. ಆದರೆ ದನಿ ಎಷ್ಟು ಏರಿತು ಎಷ್ಟು ಇಳಿಯಿತು ಎಂಬುದು ಅವಳ ಹತೋಟಿಯಲ್ಲಿ ಇರಲಿಲ್ಲ. ಗುಟ್ಟಿನ ಮಾತನ್ನೆಲ್ಲ ಲಾಂಚಿನ ತುಂಬ ಕೇಳುವ ಹಾಗೆ ಹೇಳಿಬಿಡುತ್ತಿದ್ದಳು. 'ಎದುರಿಗೆ ಕೂತವನ ವಿಗ್ಗು ಜಾರಿದೆ ನೋಡು' ಎಂದು ತಂಗಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು ಹೇಳಿದ ದಿನ, ಪುಟ್ಟಿಗೆ ಹೊಳೆಗೆ ಹಾರಿದರೂ ಆದೀತು ಅನ್ನಿಸಿತ್ತು.

ಇಬ್ಬರೂ ಸಣ್ಣವರಿದ್ದಾಗ ಮನೆಯಲ್ಲಿ ರೇಡಿಯೋ ಇತ್ತು. ಮಧ್ಯಾಹ್ನ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ನಾಟಕ ಕೇಳುವಾಗ ಅಕ್ಕ ಕಿವಿಯ ಬದಲು ಕಣ್ಣು ಅರಳಿಸಿಕೊಂಡು ತಂಗಿಯ ಎದುರಿಗೆ ಕೂರುತ್ತಿದ್ದಳು. ರೇಡಿಯೋದ ರಾಜ ಗುಡುಗಿದರೆ ಪುಟ್ಟಿಯ ಹುಬ್ಬು ಗಂಟಿಕ್ಕಬೇಕು. ಅತ್ತೆ ಕೊಂಕು ನುಡಿದರೆ ಪುಟ್ಟಿಯ ತುಟಿ ಸೊಟ್ಟಗಾಗಬೇಕು. ದನಿ ಬೇಕಿರಲಿಲ್ಲ. ಅಮ್ಮನಿಗೆ ತೊಂದರೆಯಾಗಬಾರದೆಂದು ಪುಟ್ಟಿ ದನಿ ಬಿಡುತ್ತಲೂ ಇರಲಿಲ್ಲ. ಆ ವಯಸ್ಸಿನಲ್ಲಿ ಅವಳ ಇಡೀ ಮೈ ಮಾತಾಡುತ್ತಿತ್ತು. ಆಮೇಲೆ ಶಾಲೆ ಬಂತು, ನಾಚಿಕೆ ಬಂತು, ನೌಕರಿ ಬಂತು. ಗಾಜಿನ ಕೋಣೆಯೊಳಗೆ ಅವಳನ್ನು ನೋಡುವವರು ಯಾರೂ ಇರಲಿಲ್ಲವಾಗಿ ಮುಖ ತನ್ನ ಕೆಲಸ ಮರೆಯಿತು. ಅಕ್ಕನೂ ಬೆಳೆದು ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಇಬ್ಬರಿಗೂ ಊಟವಾಯಿತಾ, ಬಾಗಿಲು ಹಾಕಿದೆಯಾ ಎನ್ನುವಷ್ಟೇ ಮಾತು ಉಳಿಯಿತು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಲಾಂಚಿನ ವ್ಯವಸ್ಥಾಪಕರಿಗೆ ಒಂದು ಯೋಚನೆ ಬಂತು. ಹೊಳೆ ದಾಟುವ ಜನರಿಗೆ ನೀರಿನಲ್ಲಿ ಬಿದ್ದರೆ ಏನು ಮಾಡಬೇಕು ಎಂಬುದೇ ಗೊತ್ತಿಲ್ಲ, ಯಾರಾದರೂ ತಿಳಿಹೇಳಬೇಕು. ಇಷ್ಟು ಒಳ್ಳೆಯ ದನಿ ಕೈಯಲ್ಲೇ ಇರುವಾಗ ಬೇರೆಯವರು ಯಾಕೆ ಎಂದು ಅವರು ಪುಟ್ಟಿಯನ್ನು ಕರೆದು ಹೇಳಿದರು. ಪುಟ್ಟಿ ಆಗುವುದಿಲ್ಲ ಎಂದಳು. ಅವರು ಆಗುತ್ತದೆ ಎಂದರು. ಹಾಗೆ ಒಂದು ಭಾನುವಾರ ಸಮುದಾಯ ಭವನದಲ್ಲಿ ಅವಳ ಮೊದಲ ಭಾಷಣ ಗೊತ್ತಾಯಿತು.

ಹೇಳಬೇಕಾದ ವಿಷಯವೇನೋ ಚೆನ್ನಾಗಿತ್ತು. ನೀರಿಗೆ ಬಿದ್ದವರು ಒದ್ದಾಡಬಾರದು. ಬೆನ್ನ ಮೇಲೆ ಮಲಗಿ, ಕಿವಿ ನೀರೊಳಗೆ ಮುಳುಗಲು ಬಿಟ್ಟು, ಆಕಾಶ ನೋಡುತ್ತಾ ಉಸಿರಾಡಬೇಕು. ಕೂಗುವುದು, ಕೈಕಾಲು ಬಡಿಯುವುದು ಎಲ್ಲ ಆಮೇಲೆ. ಮೊದಲು ತೇಲಬೇಕು. ಪುಟ್ಟಿ ಇದನ್ನು ಉರು ಹೊಡೆದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ವೇದಿಕೆ ಹತ್ತಿ, ಮೈಕಿನ ಕಂಬಕ್ಕೆ ಇನ್ನೊಂದು ಕಂಬದ ಹಾಗೆ ನಿಂತಳು. ಆದರೆ ದನಿ ಮಾತ್ರ ಎಂದಿನಂತೆ ಹೊಳೆಯ ಮೇಲಿನ ಗಾಳಿಯ ಹಾಗೆ ಹೊರಟಿತು.

ಆಗ ಅವಳು ಒಂದು ವಿಚಿತ್ರ ಕಂಡಳು. ಸಭೆಯಲ್ಲಿದ್ದವರು ಯಾರೂ ಅವಳನ್ನು ನೋಡುತ್ತಿರಲಿಲ್ಲ. ಅರ್ಧ ಜನ ಗೋಡೆಯ ಎಡಗಡೆಯ ಧ್ವನಿವರ್ಧಕವನ್ನೂ, ಇನ್ನರ್ಧ ಜನ ಬಲಗಡೆಯದನ್ನೂ ನೋಡುತ್ತಿದ್ದರು. ಅಷ್ಟು ದಿನ ಕಂಬದಿಂದ ಇಳಿದ ದನಿಯನ್ನು ಅವರು ಇಲ್ಲೂ ಪೆಟ್ಟಿಗೆಯಲ್ಲೇ ಹುಡುಕುತ್ತಿದ್ದರು. ವೇದಿಕೆಯ ಮೇಲೆ ಯಾರೋ ಒಬ್ಬ ಹೆಂಗಸು ಸುಮ್ಮನೆ ಬಾಯಾಡಿಸುತ್ತಿದ್ದಾಳೆ ಅಷ್ಟೆ. ಪುಟ್ಟಿಗೆ ತಾನು ಅಲ್ಲಿ ಇದ್ದೇನೋ ಇಲ್ಲವೋ ಎಂದು ತನಗೇ ಅನುಮಾನವಾಯಿತು.

ಒಬ್ಬಳು ಮಾತ್ರ ಅವಳನ್ನೇ ನೋಡುತ್ತಿದ್ದಳು. ಕೊನೆಯ ಸಾಲಿನ ಮೂಲೆಯಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಅಕ್ಕ.

ಚಪ್ಪಾಳೆ ಆಯಿತು. ವ್ಯವಸ್ಥಾಪಕರು ಬಲು ಚೆನ್ನಾಗಿ ಬಂತು ಎಂದರು. ಮನೆಗೆ ನಡೆಯುವ ದಾರಿಯಲ್ಲಿ ಪುಟ್ಟಿಯೇ ಅಕ್ಕನ ಮುಖ ತನ್ನ ಕಡೆ ತಿರುಗಿಸಿ, ಹೇಗಿತ್ತು ಎಂದು ಕೇಳಿದಳು.

'ನೀನು ಏನೂ ಹೇಳ್ಲಿಲ್ವಲ್ಲೇ' ಎಂದಳು ಅಕ್ಕ, ಬೀದಿಯ ಎರಡೂ ಬದಿಗೆ ಕೇಳುವಂತೆ. 'ತುಟಿ ಅಲ್ಲಾಡ್ತಿತ್ತು, ನಿಜ. ಬಾಗಿಲು ಗಾಳಿಗೆ ಅಲ್ಲಾಡಲ್ವಾ, ಹಾಗೆ. ನೀರಿಗೆ ಬೀಳೋದೋ, ಬಸ್ಸಿಗೆ ಹೊತ್ತಾಗಿದ್ದೋ, ಒಂದೂ ನಂಗೆ ಗೊತ್ತಾಗ್ಲಿಲ್ಲ.'

ಪುಟ್ಟಿಗೆ ಸಿಟ್ಟು ಬಂತು. ಕಿವಿ ಇಲ್ಲದವಳಿಗೆ ಭಾಷಣ ಹೇಗೆ ಗೊತ್ತಾಗಬೇಕು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಗೋಡೆಯ ಪೆಟ್ಟಿಗೆಗಳನ್ನು ನೋಡುತ್ತಿದ್ದ ಆ ಮುಖಗಳು ನೆನಪಾಗಿ ಮಾತು ಒಳಗೇ ಇಳಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಮರುವಾರ ಅವಳು ಅಕ್ಕನ ಲಾಂಡ್ರಿಗೆ ಹೋದಳು. ಕಟ್ಟಡದ ಹಿಂದೆ ಒಂದು ಉದ್ದನೆಯ ಅಂಗಳ. ಅಲ್ಲಿ ಆಸ್ಪತ್ರೆಯ, ಹೋಟೆಲಿನ ಬಿಳಿಯ ಹೊದಿಕೆಗಳು ತಂತಿಗಳ ಮೇಲೆ ಸಾಲುಸಾಲಾಗಿ ಒಣಗುತ್ತಿದ್ದವು. ಗಾಳಿ ಬಂದರೆ ಇಡೀ ಅಂಗಳವೇ ಹಾಯಿ ಬಿಚ್ಚಿಕೊಂಡು ಎಲ್ಲಿಗೋ ಹೊರಟಂತೆ ತೋರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಆ ತುದಿಯಲ್ಲಿ ನಿಂತಳು, ಪುಟ್ಟಿ ಈ ತುದಿಯಲ್ಲಿ. ದನಿ ಬಿಡದೆ ಹೇಳು, ನನಗೆ ತಿಳಿಯಬೇಕು ಎಂದಳು ಅಕ್ಕ.

ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಅಕ್ಕ ಅಲ್ಲಾಡದೆ ನಿಂತಿರುತ್ತಿದ್ದಳು. ಹೊದಿಕೆಗಳು ನಡುವೆ ಹಾರಿ ಅವಳನ್ನು ಮರೆಮಾಡಿ ಮತ್ತೆ ತೋರಿಸುತ್ತಿದ್ದವು. ಪುಟ್ಟಿ ತುಟಿ ದೊಡ್ಡದು ಮಾಡಿದಳು, ಕೈ ಬೀಸಿದಳು. 'ಯಾಕೆ, ನೊಣ ಓಡಿಸ್ತಿದೀಯಾ?' ಎಂದು ಅಕ್ಕ ಕೂಗಿದಾಗ ಇಸ್ತ್ರಿಯ ಕೋಣೆಯಿಂದ ನಗು ಕೇಳಿಬಂತು. ಆಮೇಲೆ ಒಂದು ದಿನ ಪುಟ್ಟಿಗೆ ಬೇಸರ ಬಂದು ಕೈ ಕೆಳಗೆ ಬಿಟ್ಟು, ಕಣ್ಣು ಮುಚ್ಚಿ, ನಿಜವಾಗಿಯೂ ನೀರಿಗೆ ಬಿದ್ದಂತೆ ಊಹಿಸಿಕೊಂಡಳು. ತಣ್ಣಗೆ, ಕೆಳಗೆ ನೆಲವಿಲ್ಲದಂತೆ. ಹೆದರಿಕೆ ಹೊಟ್ಟೆಯಿಂದ ಭುಜಕ್ಕೆ ಏರಿ ಬಂತು. ಆಮೇಲೆ ಬೆನ್ನು ಸಡಿಲವಾಯಿತು, ಮುಖ ಮೇಲಕ್ಕೆ ತಿರುಗಿತು, ಆಕಾಶ ರೆಪ್ಪೆಗಳ ಮೇಲೆ ಬೆಚ್ಚಗೆ ಕೂತಿತು. ಕಣ್ಣು ತೆರೆದಾಗ ಅಂಗಳದ ಆ ತುದಿಯಲ್ಲಿ ಅಕ್ಕನ ಮುಖವೂ ಮೇಲಕ್ಕೆ ತಿರುಗಿತ್ತು. ಅವಳೂ ತೇಲುತ್ತಿದ್ದಳು.

ಅಂದಿನಿಂದ ಅವರಿಬ್ಬರ ನಡುವೆ ಮತ್ತೆ ಮಾತು ಹರಿಯತೊಡಗಿತು. ಮುಂದಿನ ಸಭೆಯಲ್ಲಿ ಗೋಡೆಯ ಪೆಟ್ಟಿಗೆಗಳನ್ನು ನೋಡುವವರು ಕಡಿಮೆಯಾದರು. ಅದರ ಮುಂದಿನದರಲ್ಲಿ ಇನ್ನೂ ಕಡಿಮೆ. ಶಾಲೆಯವರು ಕರೆದರು, ಕಾರ್ಖಾನೆಯವರು ಕರೆದರು. ನೀರಿನ ಮಾತು ಕೇಳಿದವರು, ಪರೀಕ್ಷೆಯ ಭಯ, ಕೆಲಸ ಹೋಗುವ ಭಯ, ಆಪರೇಷನ್ನಿನ ಭಯ ಇವಕ್ಕೂ ಇದೇ ಅಲ್ಲವೇ ಮದ್ದು ಎಂದು ತಾವೇ ಅರ್ಥ ಹಚ್ಚಿಕೊಂಡರು. ಪುಟ್ಟಿ ಬೇಡ ಅನ್ನಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ಗಾಜಿನ ಕೋಣೆಯ ಬೀಗದ ಕೈಯನ್ನು ವ್ಯವಸ್ಥಾಪಕರಿಗೆ ಒಪ್ಪಿಸಿ, ಮಾತಾಡುವುದನ್ನೇ ಕಸುಬು ಮಾಡಿಕೊಂಡಳು. ಅಮ್ಮನಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. ಬಾಯಿದ್ದವರೆಲ್ಲ ಬಿಟ್ಟಿ ಆಡುವುದನ್ನು ಇವಳಿಗೆ ಕಾಸು ಕೊಟ್ಟು ಆಡಿಸುತ್ತಾರಲ್ಲ ಎಂದು ಹೊಲಿಗೆಗೆ ಬಂದವರ ಹತ್ತಿರ ಅಚ್ಚರಿಪಡುತ್ತಿದ್ದಳು.

ಕಸುಬು ಅಂದ ಮೇಲೆ ಪಾಠ ಬೇಕಲ್ಲ. ವಾರ್ತೆ ಓದಿ ನಿವೃತ್ತರಾಗಿದ್ದ ಒಬ್ಬ ಹಿರಿಯ ಹೆಂಗಸು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಭಾಷಣ ಕಲಿಸುತ್ತಿದ್ದರು. ವಾರ್ತೆಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಪುಟ್ಟಿ ಅವರ ಹತ್ತಿರ ಹೋಗಿ ಕಲಿತಳು. ಉಸಿರು ಕುತ್ತಿಗೆಯಿಂದಲ್ಲ, ಸೊಂಟದಿಂದ ಬರಬೇಕು. ವೇದಿಕೆ ಹತ್ತಿದ ಕೂಡಲೇ ಬಾಯಿ ತೆರೆಯಬಾರದು, ಮೊದಲು ನಿಂತ ನೆಲ ಅಂಗಾಲಿಗೆ ತಿಳಿಯಬೇಕು. ಒಂದು ಮಾತು ಮುಗಿದ ಮೇಲೆ ಅದು ಕೊನೆಯ ಗೋಡೆ ಮುಟ್ಟಿ ವಾಪಸು ಬರುವ ತನಕ ಇನ್ನೊಂದನ್ನು ಅಟ್ಟಬಾರದು. ವಾರ್ತೆಯಮ್ಮ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಪುಟ್ಟಿ ಎಲ್ಲಿ ಅವಸರ ಮಾಡಿದಳೋ ಅಲ್ಲಿ ಅವರ ಬೆರಳು ಕುರ್ಚಿಯ ತೋಳನ್ನು ತಟ್ಟುತ್ತಿತ್ತು. 'ಸುಮ್ನಿರೋದನ್ನ ಕಲಿ, ಮಗಳೇ' ಎಂದು ಅವರು ಒಂದು ಸಲ ಹೇಳಿದರು. 'ಮಾತು ಎಲ್ಲರಿಗೂ ಬರುತ್ತೆ. ಮಧ್ಯೆ ಸುಮ್ನಿರೋಕೆ ಧೈರ್ಯ ಬೇಕು.'

ಹೀಗೆ ಕಿವಿಯ ಪಾಠ ವಾರ್ತೆಯಮ್ಮನಿಂದ, ಕಣ್ಣಿನ ಪಾಠ ಅಕ್ಕನಿಂದ. ರಜೆ ಸಿಕ್ಕಿದಾಗಲೆಲ್ಲ ಅಕ್ಕ ಜೊತೆಗೆ ಬರುತ್ತಿದ್ದಳು. ಯಾವ ಊರಿನ ಯಾವ ಭವನವೇ ಇರಲಿ, ಕೊನೆಯ ಸಾಲಿನ ಮೂಲೆ ಅವಳದು. ಅಕ್ಕನ ಹುಬ್ಬು ಏರಿದರೆ ಮಾತು ಜಳ್ಳಾಗಿದೆ ಎಂದು ಅರ್ಥ. ಅಕ್ಕ ಕೈಚೀಲದ ಹಿಡಿ ಬಿಟ್ಟು ಮುಂದೆ ಬಾಗಿದರೆ ಎಲ್ಲ ಸರಿಯಿದೆ. ಜನರ ಕಣ್ಣಿಗೆ ಪುಟ್ಟಿ ಇಡೀ ಸಭೆಯನ್ನು ನೋಡಿ ಮಾತಾಡುವವಳು. ನಿಜ ಹೇಳಬೇಕೆಂದರೆ ಅವಳು ಮಾತಾಡುತ್ತಿದ್ದದ್ದು ಒಬ್ಬಳ ಜೊತೆ. ನಡುವಿನ ತಲೆಗಳೆಲ್ಲ ಅವಳಿಗೆ ಹೊಳೆಯ ಅಲೆಗಳ ಹಾಗೆ, ಆಚೆ ದಡದಲ್ಲಿ ಅಕ್ಕ.

ಆ ದಿನಗಳು ಅವಳಿಗೆ ಅರೆನಿದ್ದೆಯಲ್ಲಿ ಕಂಡಂತೆ ನೆನಪಿದ್ದವು. ಮುಂಜಾನೆಯ ರೈಲುಗಳು, ಕಿಟಕಿಗೆ ಹಣೆ ಆನಿಸಿ ಮಲಗಿದ ಅಕ್ಕ, ಗುರುತಿಲ್ಲದ ಊರಿನ ಬೀದಿಗಳಲ್ಲಿ ಆಗತಾನೇ ನೀರು ಚಿಮುಕಿಸಿದ ಮಣ್ಣಿನ ವಾಸನೆ, ಖಾಲಿ ಸಭಾಂಗಣದಲ್ಲಿ ಯಾರೋ ಒಂದೊಂದೇ ದೀಪ ಹಾಕುತ್ತಾ ಹೋಗುವುದು. ಜನ ಬರುವ ಮುಂಚೆ ವೇದಿಕೆಯ ಮೇಲೆ ಒಬ್ಬಳೇ ನಿಂತು ಅಂಗಾಲಿನಿಂದ ಮರದ ಹಲಗೆಯನ್ನು ಕೇಳಿಸಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು.

ಹೀಗಿರುವಾಗ ಅಕ್ಕ ಮದುವೆಯಾಗುತ್ತೇನೆ ಎಂದಳು.

ನಲವತ್ತು ದಾಟಿದ ಮೇಲೆ, ಒಂದು ಬೆಳಿಗ್ಗೆ, ಚಹಾ ಸೋಸುತ್ತಾ. ಗಂಡು ಯಾರೆಂದರೆ ಲಾಂಚು ನಡೆಸುವಾತ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ, ಮಿತಭಾಷಿ ಮನುಷ್ಯ. ಇಂಜಿನ್ನಿನ ಸದ್ದಿನಲ್ಲಿ ಇಡೀ ಆಯುಸ್ಸು ಕಳೆದವನಾದ್ದರಿಂದ ಅವನು ಎಲ್ಲರ ಜೊತೆಗೂ ಕೈಸನ್ನೆ, ಕಣ್ಸನ್ನೆಯಲ್ಲೇ ಮಾತಾಡುತ್ತಿದ್ದ. ಅಕ್ಕನಿಗೂ ಅವನಿಗೂ ವರ್ಷಗಳಿಂದ ಮಾತುಕತೆ ನಡೆದಿತ್ತಂತೆ, ಲಾಂಚಿನ ತುಂಬ ಜನರಿದ್ದರೂ ಒಬ್ಬರಿಗೂ ಕೇಳಿಸದ ಹಾಗೆ. ಎಲ್ಲ ಗುಟ್ಟನ್ನೂ ಊರಿಗೆ ಕೇಳುವಂತೆ ಹೇಳುತ್ತಿದ್ದ ಅಕ್ಕ ಇದೊಂದನ್ನು ಮಾತ್ರ ಅದು ಹೇಗೆ ಬಚ್ಚಿಟ್ಟಿದ್ದಳೋ. ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು, ಆಮೇಲೆ ಬೆರಳು ತೆಗೆದು ರವಿಕೆಗೆ ಅಳತೆ ತೆಗೆದುಕೊಂಡಳು. ಮದುವೆಯ ದಿನ ಪುಟ್ಟಿ ಎಲ್ಲರಿಗಿಂತ ಜಾಸ್ತಿ ಓಡಾಡಿದಳು, ಎಲ್ಲರಿಗಿಂತ ಜಾಸ್ತಿ ನಕ್ಕಳು. ಅಕ್ಕ ಆಚೆ ದಡದ ಭಾವನ ಮನೆಗೆ ಹೋದಳು, ಅವಳ ರಜೆಯ ದಿನಗಳೂ ಆ ಮನೆಯವೇ ಆದವು.

ಅದಾದ ಮೇಲಿನ ಮೊದಲ ಸಭೆ ಒಂದು ದೊಡ್ಡ ಕಾಲೇಜಿನಲ್ಲಿ. ವೇದಿಕೆ, ಬೆಳಕು, ಉಸಿರು ಎಲ್ಲ ಸರಿಯಾಗಿಯೇ ಇತ್ತು. ಅಭ್ಯಾಸ ಬಲದಿಂದ ಕಣ್ಣು ಕೊನೆಯ ಸಾಲಿನ ಮೂಲೆಗೆ ಹೋಯಿತು. ಅಲ್ಲಿ ಕುರ್ಚಿ ಖಾಲಿ. ಅಷ್ಟೇ ಆದದ್ದು. ಮಾತು ಬಂತು, ಆದರೆ ಗಾಜಿನ ಕೋಣೆಯ ಮಾತು. ಮುಂದಿನ ಸಾಲಿನವರು ನಿಧಾನವಾಗಿ ಗೋಡೆಯ ಪೆಟ್ಟಿಗೆಯ ಕಡೆ ತಿರುಗುವುದನ್ನು ಅವಳು ಕಣ್ಣಾರೆ ಕಂಡಳು. ಮುಗಿದ ಮೇಲೆ ಹೂಗುಚ್ಛ ಕೊಟ್ಟರು. ಮತ್ತೆ ಕರೆಯಲಿಲ್ಲ. ಅದರ ನಂತರದ ಒಂದೆರಡು ಕಡೆಯೂ ಹೀಗೇ ಆಯಿತು. ಪುಟ್ಟಿ ಒಂದು ದಿನ, ಮತ್ತೆ ಆ ಅಟ್ಟದ ಕೋಣೆ ಸಿಗುತ್ತದೆಯೇ ಎಂದು ವ್ಯವಸ್ಥಾಪಕರನ್ನು ಕೇಳಲು ಹೋಗಿ, ಬಾಗಿಲಿಂದಲೇ ಹಿಂದಿರುಗಿ, ಲಾಂಚು ಹತ್ತಿ ಅಕ್ಕನ ಮನೆಗೆ ಹೋದಳು.

ಅಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಭಾವ ಮೆಟ್ಟಿಲ ಮೇಲೆ ಕೂತು ಹಗ್ಗಕ್ಕೆ ಗಂಟು ಹಾಕುತ್ತಿದ್ದವನು ಪುಟ್ಟಿಯ ಮುಖ ನೋಡಿ, ಏನೋ ಕೆಲಸ ನೆನಪಾದವನಂತೆ ಎದ್ದು ಹೋದ. ಪುಟ್ಟಿ ಎಲ್ಲ ಹೇಳಿದಳು. ನೀನು ಬಾರದಿದ್ದರೆ ನನ್ನಿಂದ ಆಗುವುದಿಲ್ಲ, ತಿದ್ದುವವರಿಲ್ಲದೆ ನಾನು ಮತ್ತೆ ಕಂಬವಾಗಿದ್ದೇನೆ ಎಂದಳು. ಅಕ್ಕ ಒದ್ದೆ ಟವೆಲು ಕೈಯಲ್ಲಿ ಹಿಡಿದುಕೊಂಡೇ ಅವಳ ತುಟಿಗಳನ್ನು ಕೊನೆಯವರೆಗೂ ನೋಡಿದಳು.

'ತಿದ್ದೋಕೆ ಬರ್ತಿದ್ದೆ ಅಂದ್ಕೊಂಡಿದ್ಯಾ? ನಂಗೆ ನೋಡೋಕೆ ಇಷ್ಟ, ಅದಕ್ಕೆ ಬರ್ತಿದ್ದೆ' ಎಂದಳು. 'ಕಿವುಡಿ ನಾನೊಬ್ಳೇನೇ ಲೋಕದಲ್ಲಿ? ಕಿವಿ ನೆಟ್ಟಗಿದ್ದೂ ಕೇಳಿಸ್ದೇ ಇರೋರು ಪ್ರತಿ ಸಭೇಲೂ ಕೂತಿರ್ತಾರೆ. ಸಾಲ ಮಾಡ್ಕೊಂಡೋರು, ಗಂಡನ್ ಜೊತೆ ಜಗಳ ಆಡ್ಕೊಂಡ್ ಬಂದೋರು, ಹಸಿದೋರು. ಅವ್ರನ್ನ ಹುಡುಕು. ಅವ್ರಿಗೆ ಹೇಳು.'

ಆಮೇಲೆ ಅವಳು ಟವೆಲು ಹಿಂಡಿ, ಕೊಡವಿ, ತಂತಿಗೆ ಹಾಕಿದಳು. ಊಟ ಮಾಡಿಕೊಂಡು ಹೋಗು ಎಂದಳು.

ಪುಟ್ಟಿ ಆ ಮಾತನ್ನು ಕೂಡಲೇ ಒಪ್ಪಿದಳು ಎಂದರೆ ಸುಳ್ಳಾಗುತ್ತದೆ. ಸಭೆಗಳಲ್ಲಿ ಅಂಥ ಮುಖಗಳನ್ನು ಹುಡುಕಿದಳು, ಸಿಗಲಿಲ್ಲ. ಸಿಕ್ಕಿದವರು ಅವಳು ನೋಡಿದ ಕೂಡಲೇ ನೆಟ್ಟಗೆ ಕೂತು, ಕೇಳುವವರ ಹಾಗೆ ನಟಿಸುತ್ತಿದ್ದರು. ಮಳೆಗಾಲ ಕಳೆಯಿತು. ವಾರ್ತೆಯಮ್ಮ, ದಡ ಬಿಟ್ಟ ದೋಣಿ ಇನ್ನೊಂದು ದಡ ಮುಟ್ಟುವ ತನಕ ತೂಗಾಡುವುದೇ ಎಂದು ಸಮಾಧಾನ ಹೇಳಿ, ಮತ್ತೆ ಕಣ್ಣು ಮುಚ್ಚಿ ಕೂತು ಕುರ್ಚಿಯ ತೋಳು ತಟ್ಟಿದರು.

ಆಮೇಲೆ ಒಂದು ನೂಲಿನ ಗಿರಣಿಯಿಂದ ಕರೆ ಬಂತು. ಊಟದ ನಂತರದ ಹೊತ್ತು, ಗಿರಣಿಯ ಊಟದ ಮನೆಯಲ್ಲೇ ಕುರ್ಚಿ ಹಾಕಿದ್ದರು. ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಬಿಸಿಲಿನ ಕೋಲುಗಳೊಳಗೆ ಹತ್ತಿಯ ಎಳೆಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಕೇಳುವವರ ಕೂದಲಲ್ಲಿ, ಹುಬ್ಬಿನಲ್ಲಿ ಬಿಳಿಯ ನವಿರು ಕೂತು, ಹರೆಯದವರೂ ಮುದುಕರಂತೆ ಕಾಣುತ್ತಿದ್ದರು. ಪುಟ್ಟಿ ಎದ್ದು ನಿಂತು ನಾಲ್ಕು ಮಾತು ಆಡಿದ್ದಳಷ್ಟೆ. ಮೊದಲ ಸಾಲಿನ ನಟ್ಟನಡುವೆ ಕೂತಿದ್ದ ಕಾವಲುಗಾರ ಗೊರಕೆ ಹೊಡೆಯತೊಡಗಿದ.

ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಕ್ಕರು. ಪಕ್ಕದವನು ಮೊಣಕೈ ಎತ್ತಿ ತಿವಿಯಲು ಹೊರಟ. ಪುಟ್ಟಿ ಕಣ್ಣಿನಿಂದಲೇ ಅವನನ್ನು ತಡೆದಳು. ಯಾಕೆ ತಡೆದಳೋ ಅವಳಿಗೇ ಗೊತ್ತಿಲ್ಲ. ಆ ಕಾವಲುಗಾರನ ಮುಖ ಹಿಂದಕ್ಕೆ ವಾಲಿ, ಬಾಯಿ ಅರ್ಧ ತೆರೆದು, ಟೋಪಿ ಮಡಿಲಿಗೆ ಜಾರಿತ್ತು. ಗಂಟಲಿನ ನರ ಏರಿ ಇಳಿಯುತ್ತಿತ್ತು. ಎಷ್ಟು ರಾತ್ರಿಗಳ ಎಚ್ಚರ ಆ ರೆಪ್ಪೆಗಳ ಮೇಲೆ ಕೂತಿತ್ತೋ. ನೀರಿಗೆ ಬಿದ್ದವರು ಹೀಗೇ ಮಲಗಬೇಕು ಎಂದು ತಾನು ಇಷ್ಟು ವರ್ಷ ಹೇಳಿದ್ದನ್ನು ಒಬ್ಬ ಮನುಷ್ಯ ಇಲ್ಲಿ ಮಾಡಿ ತೋರಿಸುತ್ತಿದ್ದಾನೆ ಅನ್ನಿಸಿತು. ಇವನನ್ನು ಎಬ್ಬಿಸಬಾರದು.

ಅವಳು ದನಿ ತಗ್ಗಿಸಿದಳು. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಗೋಡೆಯ ಪೆಟ್ಟಿಗೆಗಳು ಸುಮ್ಮನಾದವು. ಕೊನೆಯ ಸಾಲಿನವರು ಕತ್ತು ಚಾಚಿದರು. ಯಾರೋ ಎದ್ದು ತುದಿಗಾಲಲ್ಲಿ ಹೋಗಿ ಸದ್ದು ಮಾಡುತ್ತಿದ್ದ ಫ್ಯಾನು ಆರಿಸಿದರು. ಒಬ್ಬಿಬ್ಬರು ಕುರ್ಚಿ ಎತ್ತಿಕೊಂಡು, ನೆಲಕ್ಕೆ ತಾಕದ ಹಾಗೆ ಹಿಡಿದುಕೊಂಡು ಮುಂದೆ ಬಂದು ಕೂತರು. ಅವಳು ಇನ್ನೂ ತಗ್ಗಿಸಿದಳು. ಕಿವಿ ನೀರೊಳಗೆ ಇಳಿಯಲಿ, ಎಂದಳು. ಇಳಿದರೆ ಲೋಕದ ಸದ್ದು ದೂರವಾಗುತ್ತದೆ, ನಿಮ್ಮ ಉಸಿರು ಮಾತ್ರ ಕೇಳುತ್ತದೆ. ಹೆದರಬೇಡಿ, ಅದು ನಿಮ್ಮದೇ. ಒಂದೊಂದು ಮಾತೂ ಕೊನೆಯ ಗೋಡೆ ಮುಟ್ಟಿ ನಿಧಾನವಾಗಿ ವಾಪಸು ಬರುತ್ತಿತ್ತು, ಅವಳು ಕಾಯುತ್ತಿದ್ದಳು. ಇಡೀ ಊಟದ ಮನೆ ಅವಳ ಕಡೆಗೆ ವಾಲಿತ್ತು. ಇಷ್ಟು ಕಾಲ ತಾನು ಮಾತನ್ನು ಜನರ ಹತ್ತಿರ ಕಳಿಸುತ್ತಿದ್ದೆ, ಇವತ್ತು ಜನರೇ ಮಾತಿನ ಹತ್ತಿರ ಬರುತ್ತಿದ್ದಾರೆ ಎಂದು ಅವಳಿಗೆ ಹೊಳೆಯಿತು. ಕೊನೆಯ ಸಾಲಿನ ಮೂಲೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಮಾತು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಅವನು ಎದ್ದಾನು ಎಂದು. ಕೊನೆಗೆ ಗಿರಣಿಯ ಸೈರನ್ನೇ ಅವನನ್ನು ಎಬ್ಬಿಸಿತು. ಅವನು ಗಾಬರಿಯಿಂದ ಟೋಪಿ ಹುಡುಕಿ, ಸುತ್ತಲೂ ನೋಡಿ, ಎಲ್ಲರಿಗಿಂತ ಮೊದಲು ಚಪ್ಪಾಳೆ ಶುರುಮಾಡಿದ. ಆಗ ಊಟದ ಮನೆಗೆ ಊಟದ ಮನೆಯೇ ನಗುತ್ತಾ ತಟ್ಟಿತು.

ಹೊರಗೆ ಗೇಟಿನ ಹತ್ತಿರ ಅವನು ಕಾದು ನಿಂತಿದ್ದ, ಟೋಪಿ ಕೈಯಲ್ಲಿ.

'ತಪ್ಪು ತಿಳ್ಕೋಬೇಡಿ ತಾಯಿ. ನೀವು ಏನು ಹೇಳಿದ್ರೋ ಒಂದೂ ಗೊತ್ತಾಗ್ಲಿಲ್ಲ ನಂಗೆ' ಎಂದ. 'ರಾತ್ರಿ ಪಾಳಿ ಮಾಡಿ ಮಾಡಿ ಹಗಲು ನಿದ್ದೇನೇ ಹತ್ತಲ್ಲ. ಇವತ್ತು ಹತ್ತಿಬಿಡ್ತು.'

ಪುಟ್ಟಿಗೆ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು, ಅದನ್ನು ಹತ್ತಿಯ ಧೂಳಿನ ಮೇಲೆ ಹಾಕಿ ಸೆರಗಿನಿಂದ ಒರೆಸಿಕೊಂಡಳು.

'ಮುಂದಿನ ತಿಂಗಳೂ ಬರ್ತೀನಿ' ಎಂದಳು. 'ಅದೇ ಕುರ್ಚೀಲಿ ಕೂತ್ಕೊಳ್ಳಿ.'

ಅವನು ಆಗಲಿ ಎಂದು ಗೇಟು ತೆರೆದ. ರಸ್ತೆಯ ಮೇಲೆ ಸಂಜೆಯ ಬಿಸಿಲು ಉದ್ದಕ್ಕೆ ಹಾಸಿಕೊಂಡಿತ್ತು. ಅವಳು ಬಸ್ಸಿಗೆ ಕಾಯದೆ ನಡೆಯತೊಡಗಿದಳು.